ಗುಂಡನ ಪಕ್ಕೆಲುಬು

"ಉಸಿರು ಬಿಡೋ, ಕಳ್ಳ," ಎಂದರು ದೊಡ್ಡಮ್ಮ.

ಗುಂಡ ಬಿಡಲಿಲ್ಲ. ಹೊಟ್ಟೆಗೆ ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ನಿಲ್ಲುವುದು ಅವನ ಹಳೆಯ ಚಾಳಿ. ದೊಡ್ಡಮ್ಮ ಕಾದರು. ಕಡ್ಡಿಯೂ ಕಾದಳು. ಕೊನೆಗೆ ಪುಸ್ ಎಂದು ಉಸಿರು ಹೊರಬಂತು. ಆದರೂ ಟೇಪು ಹೋದ ವಾರಕ್ಕಿಂತ ಒಂದು ಬೆರಳು ಮುಂದೆಯೇ ನಿಂತಿತು.

ಗುಂಡ ಒಂದು ಕುದುರೆ. ಮರಿಯಲ್ಲ, ಪೂರ್ತಿ ಬೆಳೆದವನೇ. ಅವನ ಜಾತಿಯೇ ಅಷ್ಟು ಗಿಡ್ಡ. ಅವನ ಬೆನ್ನು ಹತ್ತು ವರ್ಷದ ಕಡ್ಡಿಯ ಎದೆಯವರೆಗೂ ಬರುವುದಿಲ್ಲ. ಆದರೆ ಹೊಟ್ಟೆಯ ವಿಷಯಕ್ಕೆ ಬಂದರೆ ದೊಡ್ಡಮ್ಮನ ಲಾಯದಲ್ಲಿ ಅವನೇ ದೊಡ್ಡವನು. ಅವನ ಪಕ್ಕ ನಿಂತಾಗ ಕಡ್ಡಿಯಂತೆ ಕಾಣುತ್ತಾಳೆ ಎಂದು ಅವಳಿಗೆ ಆ ಹೆಸರಿಟ್ಟವರು ದೊಡ್ಡಮ್ಮನೇ.

ಗೊರಸು ನೋಡಲು ಬಂದಿದ್ದ ಡಾಕ್ಟರು ಗುಂಡನ ಪಕ್ಕೆಯನ್ನು ಅಂಗೈಯಿಂದ ಒತ್ತಿದರು. "ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಸರಿ. ಕೈಗಾದ್ರೂ ಸಿಗಬೇಕಲ್ಲಮ್ಮ. ಹೀಗೇ ಬಿಟ್ರೆ ಗೊರಸಿನೊಳಗೆ ಬಾವು ಬಂದು ಕಾಲು ಊರೋಕೇ ಆಗಲ್ಲ."

"ಅಳತೆ ಮಾಡಿ ಹುಲ್ಲು ಹಾಕ್ತಿದೀನಿ ಡಾಕ್ಟ್ರೇ. ಮೇಯೋವಾಗ ಜಾಸ್ತಿ ತಿನ್ನದ ಹಾಗೆ ಬಾಯಿಗೆ ಕುಕ್ಕೆ ಕಟ್ತೀನಿ. ದಿನಾ ಸಾಯಂಕಾಲ ಈ ಹುಡುಗಿ ವಾಕಿಂಗ್ ಕರ್ಕೊಂಡು ಹೋಗ್ತಾಳೆ. ಗಾಳಿ ಕುಡಿದು ದಪ್ಪ ಆಗ್ತಾನಾ ಇವನು?"

ಕಡ್ಡಿ ತನ್ನ ಶೂ ತುದಿ ನೋಡುತ್ತಾ ನಿಂತಳು.

"ಮುಂದಿನ ತಿಂಗಳು ಕುದುರೆ ಶೋ ಬೇರೆ," ಎಂದರು ದೊಡ್ಡಮ್ಮ. "ಹೀಗೇ ಕರ್ಕೊಂಡು ಹೋದ್ರೆ ಜಡ್ಜ್‌ಗಳು ಕುದುರೆ ನೋಡಲ್ಲ, ನನ್ನ ಮುಖ ನೋಡ್ತಾರೆ. ಇಳಿದಿಲ್ಲ ಅಂದ್ರೆ ಈ ಸಲ ಇವನು ಬೇಡ."

ಕಡ್ಡಿ ತಟ್ಟನೆ ತಲೆ ಎತ್ತಿದಳು. ಗುಂಡ ಶೋಗೆ ಹೋಗದಿದ್ದರೆ ಅಮ್ಮ ಬರುವುದಿಲ್ಲ.

ಅಮ್ಮ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ಹಡಗಿನಲ್ಲಿ. ಅಮ್ಮನಿಗೆ ಒಂದು ವಾರ ಹಗಲು ಡ್ಯೂಟಿ, ಇನ್ನೊಂದು ವಾರ ರಾತ್ರಿ ಡ್ಯೂಟಿ. ಹಾಗಾಗಿ ಕಡ್ಡಿ ಈ ವರ್ಷ ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಾಳೆ. "ನೀನು ಗುಂಡನ ಹಗ್ಗ ಹಿಡ್ಕೊಂಡು ಶೋನಲ್ಲಿ ನಡೆಯೋದನ್ನ ನೋಡೋಕೆ ರಜೆ ಹಾಕಿ ಬಂದೇ ಬರ್ತೀನಿ," ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಹಿಂದೆಯೂ ಎಷ್ಟೋ ಸಲ ಬರುತ್ತೇನೆ ಎಂದಿದ್ದಳು. ಬರಲು ಆಗದಿದ್ದಾಗಲೆಲ್ಲ ಒಂದು ಪಾರ್ಸೆಲ್ ಬರುತ್ತಿತ್ತು. ಅದರಲ್ಲಿ ಒಂದು ಡಬ್ಬಿ ತುಂಬ ಕ್ರೀಮ್ ಬಿಸ್ಕತ್ತು.

ಮೊದಲ ಡಬ್ಬಿಯನ್ನು ಕಡ್ಡಿ ಮುಚ್ಚಳ ತೆಗೆಯದೆ ಮಂಚದ ಕೆಳಗೆ ತಳ್ಳಿದ್ದಳು. ಮರುದಿನ ಸ್ಕೂಲಿನಲ್ಲಿ ಯಾರೂ ಅವಳನ್ನು ಮಾತನಾಡಿಸಲಿಲ್ಲ. ಜಗಳವೇನೂ ಇರಲಿಲ್ಲ. ಎಲ್ಲರಿಗೂ ಆಗಲೇ ಅವರವರ ಫ್ರೆಂಡ್ಸ್ ಇದ್ದರು, ಅಷ್ಟೇ. ಸಾಯಂಕಾಲ ಅವಳು ಎರಡು ಬಿಸ್ಕತ್ತು ಜೇಬಿಗೆ ಹಾಕಿಕೊಂಡು ಲಾಯಕ್ಕೆ ಹೋದಳು. ಗುಂಡ ಕಟಕಟ ಅಗಿದು ತಿಂದ. ಮಾರನೆಯ ದಿನ ಅವಳು ಬೀದಿಯ ತಿರುವಿನಲ್ಲಿ ಕಾಣಿಸುತ್ತಿದ್ದಂತೆ ಓಡಿಬಂದು, ಗೇಟಿನ ಮೇಲೆ ಗದ್ದವಿಟ್ಟು ಕೆನೆದ. ಇಡೀ ದಿನದಲ್ಲಿ ಅವಳನ್ನು ಕಂಡು ಖುಷಿಪಟ್ಟವನು ಅವನೊಬ್ಬನೇ.

ಅಂದಿನಿಂದ ಜೇಬು ಖಾಲಿ ಇರಲಿಲ್ಲ. ವಾಕಿಂಗ್ ಎಂದರೆ ಇಬ್ಬರೂ ಹೋಗಿ ಸೇತುವೆಯ ಹತ್ತಿರ ಕೂತು ಬಿಸ್ಕತ್ತು ಖಾಲಿ ಮಾಡಿ ಬರುವುದು. ಅವಳಂತೂ ಒಂದನ್ನೂ ಬಾಯಿಗಿಡಲಿಲ್ಲ.

ಡಾಕ್ಟರು ಹೋದ ಮೇಲೆ ದೊಡ್ಡಮ್ಮ ಗುಂಡನ ಪಾಲಿನ ಹುಲ್ಲನ್ನು ತಕ್ಕಡಿಗೆ ಹಾಕಿದರು. ಒಂದು ಹಿಡಿ ವಾಪಸ್ ತೆಗೆದರು. ಸ್ವಲ್ಪ ಯೋಚಿಸಿ ಇನ್ನೊಂದು ಹಿಡಿ ತೆಗೆದರು. ಗುಂಡ ತನ್ನ ಖಾಲಿ ಬಕೆಟ್ಟಿನ ತಳವನ್ನು ನೆಕ್ಕುತ್ತಿದ್ದ.

"ಪಾಪ ಕಣೋ," ಎಂದರು ದೊಡ್ಡಮ್ಮ ಅವನ ಹಣೆ ಸವರಿ. "ಏನ್ ಮಾಡ್ಲಿ ಹೇಳು. ನನ್ನದೇ ಏನೋ ಲೆಕ್ಕ ತಪ್ತಿದೆ." ಮೂರನೆಯ ಹಿಡಿಗೆ ಕೈ ಹಾಕಿದರು.

"ತೆಗೀಬೇಡಿ ದೊಡ್ಡಮ್ಮ," ಎಂದಳು ಕಡ್ಡಿ. "ನಾನು ದಿನಾ ಅವನಿಗೆ ಬಿಸ್ಕತ್ತು ಕೊಡ್ತಿದ್ದೆ."

ದೊಡ್ಡಮ್ಮನ ಕೈ ಹಾಗೇ ನಿಂತಿತು. "ಯಾವ ಬಿಸ್ಕತ್ತು?"

"ಅಮ್ಮ ಕಳಿಸ್ತಾಳಲ್ಲ, ಅದು."

"ಎಲ್ಲಾನೂ?"

"ಹೂಂ."

ಬೈಗುಳ ಬೀಳುತ್ತದೆ ಎಂದು ಕಡ್ಡಿ ಕಣ್ಣು ಮುಚ್ಚಿಕೊಂಡಳು. ದೊಡ್ಡಮ್ಮನ ಬೈಗುಳವೆಂದರೆ ಕುದುರೆಗಳೂ ಕಿವಿ ಹಿಂದಕ್ಕೆ ಮಡಚುತ್ತವೆ. ಆದರೆ ಅವರು ಹುಲ್ಲಿನ ಮೂಟೆಯ ಮೇಲೆ ಕೂತುಬಿಟ್ಟರು. "ನಿಂಗೆ ಆ ಬಿಸ್ಕತ್ತು ಇಷ್ಟ ಇಲ್ವೇನೇ?"

"ಇಷ್ಟಾನೇ. ಆದ್ರೆ ಅದು ಬಂತು ಅಂದ್ರೆ ಅಮ್ಮ ಬರಲ್ಲ ಅಂತ ತಾನೆ."

ದೊಡ್ಡಮ್ಮ ಎದ್ದರು. ತೆಗೆದಿದ್ದ ಹುಲ್ಲನ್ನೆಲ್ಲ ವಾಪಸ್ ಹಾಕಿದರು. ಮೂಗು ಒರೆಸಿಕೊಂಡು, ಧೂಳು ಜಾಸ್ತಿಯಾಗಿದೆ ಎಂದು ಯಾರಿಗೋ ಬೈದರು. ಹೊರಡುವಾಗ ಮಾತ್ರ, "ಈ ಸಲ ಶೋ ಬೇಡ ಮಗಾ. ಅವಸರಕ್ಕೆ ಇಳಿಸೋಕೆ ಹೋದ್ರೆ ಅವನ ಜೀವಕ್ಕೇ ಕುತ್ತು ಬರುತ್ತೆ. ಅಮ್ಮನಿಗೆ ನೀನೇ ಹೇಳು," ಎಂದರು.

ಅಮ್ಮನಿಗೆ ಹೇಳುವ ಧೈರ್ಯ ಬರಲು ಎಷ್ಟೋ ದಿನ ಬೇಕಾಯಿತು. ಅಷ್ಟರಲ್ಲಿ ಗುಂಡನೂ ಮುನಿಸಿಕೊಂಡ. ಮೊದಲ ದಿನ ಗೇಟಿಗೆ ಓಡಿಬಂದು ಅವಳ ಎರಡೂ ಕೈ ಮೂಸಿದ. ಜೇಬಿಗೆ ಮೂತಿ ತೂರಿಸಿದ. ಏನೂ ಸಿಗದಿದ್ದಾಗ ತಿರುಗಿ, ಬಾಲ ತೋರಿಸಿಕೊಂಡು ನಿಂತ. ಎರಡನೆಯ ದಿನ ಮೂಸಲೂ ಬರಲಿಲ್ಲ. ಆಮೇಲೆ ಕೆನೆಯುವುದೂ ನಿಂತಿತು. ಬೀದಿಯ ತಿರುವಿನಲ್ಲಿ ಕಡ್ಡಿ ಒಂದು ಕ್ಷಣ ನಿಂತು ಕಿವಿಗೊಡುತ್ತಿದ್ದಳು. ಏನೂ ಕೇಳಿಸದಿದ್ದಾಗ ತುಂಬಾ ಅಳು ಬರುತ್ತಿತ್ತು. ಇವನಿಗೆ ಬೇಕಾಗಿದ್ದದ್ದು ಬಿಸ್ಕತ್ತೇ, ನಾನಲ್ಲ ಎಂದುಕೊಳ್ಳುತ್ತಿದ್ದಳು.

ಆದರೂ ಹೋಗುತ್ತಿದ್ದಳು. ಹಗ್ಗ ಕಟ್ಟಿ, ಎಳೆದು, ಬೇಡಿಕೊಂಡು, ಸೇತುವೆ ದಾಟಿ ಗುಡ್ಡದ ರಸ್ತೆಯವರೆಗೆ ನಡೆಸುತ್ತಿದ್ದಳು. ಮಾತನಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಸ್ಕೂಲಿನ ಸುದ್ದಿಯನ್ನೆಲ್ಲ ಅವನಿಗೇ ಹೇಳುತ್ತಿದ್ದಳು. ಅವನು ಒಂದು ಕಿವಿ ಮಾತ್ರ ಈ ಕಡೆ ತಿರುಗಿಸುತ್ತಿದ್ದ.

ಒಂದು ರಾತ್ರಿ ಊಟದ ಹೊತ್ತಿಗೆ ಅಮ್ಮನ ಫೋನು ಬಂತು. ಕಡ್ಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಹೌದಾ," ಎಂದಳು ಅಮ್ಮ. "ಹೋಗ್ಲಿ ಬಿಡು ಪುಟ್ಟಾ. ಹಾಗಾದ್ರೆ ರಜೆ ಆಮೇಲೆ ಯಾವಾಗಾದ್ರೂ ಹಾಕ್ತೀನಿ. ಈ ಸಲ ದೊಡ್ಡ ಡಬ್ಬಿ ಕಳಿಸ್ಲಾ? ಚಾಕ್ಲೇಟಿಂದು?"

"ಬೇಡಮ್ಮ."

"ಮತ್ತೇನು ಬೇಕು, ಹೇಳು."

ಕಡ್ಡಿ ಫೋನಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಏನೂ ತರದೇ ಬಾ," ಎಂದಳು.

ಆ ಕಡೆ ಆಸ್ಪತ್ರೆಯಲ್ಲಿ ಯಾರೋ ಗಂಟೆ ಒತ್ತಿದ ಸದ್ದು ಕೇಳಿಸಿತು. "ಪೇಶೆಂಟ್ ಕರೀತಿದಾರೆ ಕಣೇ," ಎಂದು ಅಮ್ಮ ಫೋನಿಟ್ಟಳು.

ಶೋ ದಿನ ದೊಡ್ಡಮ್ಮ ಬೆಳಗ್ಗೆಯೇ ಬೇರೆ ಎರಡು ಕುದುರೆಗಳನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಲಾಯದಲ್ಲಿ ಉಳಿದವರು ಗುಂಡ, ಕಡ್ಡಿ ಮತ್ತು ಕಸ ಗುಡಿಸುವ ತಾತ. ತಾತನಿಗೆ ಕಿವಿ ಕೇಳಿಸುವುದಿಲ್ಲ. ಕಡ್ಡಿ ಹಗ್ಗ ತೆಗೆದುಕೊಂಡು ಹೋದಾಗ ಗುಂಡ ಕೆನೆಯಲಿಲ್ಲ. ಆದರೆ ತಾನಾಗಿಯೇ ಕತ್ತು ಮುಂದೆ ಚಾಚಿದ. ಹಾಗೆ ಅವನು ಎಂದೂ ಮಾಡಿರಲಿಲ್ಲ. ಅವನು ಕೈ ಮೂಸುತ್ತಾನೆಂದು ಅವಳು ಕಾದಳು. ಅವನು ಮೂಸಲಿಲ್ಲ, ಸುಮ್ಮನೆ ಅವಳ ತೋಳಿಗೆ ಒರಗಿ ನಿಂತ. ಕಡ್ಡಿ ಅವನ ಪಕ್ಕೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಮೆತ್ತಗಿತ್ತು. ಇನ್ನೂ ಸ್ವಲ್ಪ ಒತ್ತಿದಳು. ಒಳಗೆ ಗಟ್ಟಿಯಾಗಿ ಒಂದು ಗೆರೆ ಸಿಕ್ಕಿತು, ಅದರ ಕೆಳಗೆ ಇನ್ನೊಂದು.

"ಸಿಕ್ತು ಕಣೋ," ಎಂದಳು. ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಇಬ್ಬರೂ ಗುಡ್ಡದವರೆಗೆ ಹೋಗಿ ವಾಪಸ್ ಸೇತುವೆಗೆ ಬಂದಾಗ ಬಸ್ಸೊಂದು ನಿಂತು ಹೊರಟಿತು. ರಸ್ತೆಯ ಪಕ್ಕ ಅಮ್ಮ ನಿಂತಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ನೇರ ಬಂದಿರಬೇಕು, ಕಣ್ಣು ಕೆಂಪಗಿದ್ದವು. ಹೆಗಲಿಗೆ ಚೀಲವೂ ಇರಲಿಲ್ಲ.

"ಸಂಜೆ ಬಸ್ಸಿಗೇ ವಾಪಸ್ ಹೋಗ್ಬೇಕು," ಎಂದಳು ಅಮ್ಮ, ತಪ್ಪು ಮಾಡಿದವಳ ಹಾಗೆ. "ಏನೂ ತಂದಿಲ್ಲ. ನೀನೇ ಬೇಡ ಅಂದೆಯಲ್ಲ."

ಗುಂಡ ಮುಂದೆ ಹೋಗಿ ಅಮ್ಮನ ಎರಡೂ ಕೈಗಳನ್ನು ಮೂಸಿದ. ಏನೂ ಇರಲಿಲ್ಲ.

ಕಡ್ಡಿ ಆ ಕೈಗಳಲ್ಲಿ ಒಂದನ್ನು ಹಿಡಿದುಕೊಂಡಳು.