‘ಇಲ್ಲ’ ಇಲ್ಲದ ಕಾರ್ಡು

ಜೆಬಕನಿಗೆ ಅಕ್ಷರ ಬರುತ್ತಿರಲಿಲ್ಲ.

ಆದರೂ ಅವಳು ಆ ಬೆಳಿಗ್ಗೆ ಅತ್ತೆಯ ಮುಂದೆ ನಿಂತು, “ಈ ವರ್ಷವಾದ್ರೂ ಚರ್ಚಲ್ಲಿ ನನ್ನ ಹೆಸರು ಹೇಳ್ಸಿ ಅತ್ತೆ” ಅಂದುಬಿಟ್ಟಳು. ಜ್ಞಾನಸುಂದರಿ ಅಮ್ಮಾಳ್ ತಾಳೆಬೆಲ್ಲದ ಕಾಫಿಯ ಲೋಟವನ್ನು ನೆಲಕ್ಕೆ ಕುಕ್ಕಿದರು. ಕಾಫಿ ಚೆಲ್ಲಿ ಚಾಪೆಯ ಅಂಚಿಗೆ ಬಂತು. ಚಾಪೆಯ ಮೇಲೆ ಹೊಸ ವರ್ಷದ ವಾಗ್ದಾನ ಕಾರ್ಡುಗಳು ಹರಡಿದ್ದವು. ಜೆಬಕನಿ ಮಾತು ಬಿಟ್ಟು, ಸೆರಗಿನಿಂದಲೇ ಕಾಫಿಯನ್ನು ಒರೆಸಿ ಕಾರ್ಡುಗಳನ್ನು ಉಳಿಸಿಕೊಂಡಳು.

“ಯಾರ ಹೆಸರು?”

“ನನ್ನದು.”

“ಎಲ್ಲಿ, ನಿನ್ನ ಹೆಸರು ಬರ್ದು ತೋರ್ಸು ನೋಡೋಣ! ತೋರಿಸ್ಬಿಟ್ರೆ ಪಾದ್ರಿಯಯ್ಯನ ಹತ್ರ ನಾನೇ ಓಡ್ತೀನಿ, ಈ ಮಂಡಿ ಇಟ್ಕೊಂಡು!”

ಎದುರಿಗೆ ಮಾದರಿ ಇಟ್ಟರೆ ಯಾವ ವಾಕ್ಯವನ್ನಾದರೂ ಜೆಬಕನಿ ಬಾಗಿಲ ಮುಂದೆ ಕೋಲಮ್ ರಂಗೋಲಿ ಎಳೆದ ಹಾಗೆ ಎಳೆಯಬಲ್ಲಳು. ಆದರೆ ಅವಳ ಹೆಸರಿನ ಮಾದರಿಯನ್ನು ಇದುವರೆಗೆ ಯಾರೂ ಅವಳ ಮುಂದೆ ಇಟ್ಟಿರಲಿಲ್ಲ.

“ಕರ್ತನ ವಾಕ್ಯ ಕಣೇ ಅದು. ಅಕ್ಕಿ ಚೀಲದ ಮೇಲಿನ ಗಿಳಿ ಚಿತ್ರ ಅಲ್ಲ! ವಾಕ್ಯ ನನ್ನದು, ಕೈ ನಿನ್ನದು. ಪಲ್ಲಕ್ಕಿ ಹೊತ್ತೋನು ನಾನೇ ಮದುಮಗ ಅಂದ್ನಂತೆ… ಹಂಗಾಯ್ತು ನಿನ್ನ ಕಥೆ. ಉಪ್ಪಿನ ಬುದ್ಧಿ!”

ಉಪ್ಪಿನ ಬುದ್ಧಿ ಎಂದರೆ ತೂತ್ತುಕುಡಿಯ ಉಪ್ಪಿನ ಗದ್ದೆಯಿಂದ ಬಂದವಳ ಬುದ್ಧಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೆಬಕನಿ ಬಿಸಿಲಿನಲ್ಲಿ ಉಪ್ಪು ಎಳೆಯುತ್ತಿದ್ದಳು. ಜೀವಪುರಂನ ಈ ಮನೆಯವರು ಓದು ಬಲ್ಲವರು. ಜ್ಞಾನಸುಂದರಿ ಅಮ್ಮಾಳ್ ಊರಿನ ಮಕ್ಕಳಿಗೆಲ್ಲ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದವರು. ಅವರ ಮಗ ದೇವಸಗಾಯಂ ಮೀನು ಬಂದರಿನ ಐಸ್ ಕಾರ್ಖಾನೆಗೆ ಉಪ್ಪು ತರಲು ಬಂದು, ಉಪ್ಪಿನ ಜೊತೆ ಇವಳನ್ನೂ ಮೆಚ್ಚಿಕೊಂಡು ಹೋಗಿದ್ದ. ಆ ತಪ್ಪನ್ನು ಅತ್ತೆ ಮಗನಿಗೆ ಕ್ಷಮಿಸಿದ್ದರು, ಸೊಸೆಗೆ ಕ್ಷಮಿಸಿರಲಿಲ್ಲ.

ಜನವರಿ ಒಂದರ ಬೆಳಗಿನ ಆರಾಧನೆಯಲ್ಲಿ ಬುಟ್ಟಿ ಬರುತ್ತದೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಕಾರ್ಡು ಎತ್ತುತ್ತಾರೆ. ಕೈಗೆ ಬಂದ ವಾಕ್ಯವೇ ಆ ವರ್ಷಕ್ಕೆ ದೇವರು ಆ ಮನೆಗೆ ಕೊಟ್ಟ ಮಾತು. ಅದನ್ನು ಬಾಗಿಲಿನ ಮೇಲೆ ಅಂಟಿಸುತ್ತಾರೆ, ಮಗುವಿಗೆ ಜ್ವರ ಬಂದರೆ ಅದನ್ನೇ ಹಣೆಗೆ ಒತ್ತುತ್ತಾರೆ. ಆ ಕಾರ್ಡುಗಳನ್ನು ಜ್ಞಾನಸುಂದರಿ ಅಮ್ಮಾಳ್ ಒಂದು ಕಾಲದಲ್ಲಿ ಕಪ್ಪು ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. ಆಮೇಲೆ ಅವರ ಕಣ್ಣಿಗೆ ಪೊರೆ ಬರತೊಡಗಿತು. ಅದನ್ನು ಅವರು ಮಗನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಹಳೆಯ ಕಾರ್ಡುಗಳ ಪೆಟ್ಟಿಗೆ ತೆರೆದು ಸೊಸೆಯ ಮುಂದಿಟ್ಟು, “ಇದನ್ನ ನೋಡ್ಕೊಂಡು ಹಂಗೇ ಎಳಿ” ಎಂದರು.

ಜೆಬಕನಿ ಹಂಗೇ ಎಳೆಯಲಿಲ್ಲ! ಸಣ್ಣ ಕುಂಚವನ್ನು ಗೋಂದಿನಲ್ಲಿ ಅದ್ದಿ ಅಕ್ಷರ ಬಿಡಿಸಿದಳು. ಗೋಂದು ಹಸಿಯಿರುವಾಗಲೇ ಬೆಳ್ಳಿಯ ಮಿನುಗು ಪುಡಿ ಉದುರಿಸಿ, ಕಾರ್ಡು ಕೊಡವಿದಳು. ಅಕ್ಷರದ ಸುತ್ತ, ಸಮುದ್ರ ದಡದಲ್ಲಿ ಅಲೆ ಸರಿದ ಮೇಲೆ ಉಳಿಯುವ ಹೊಳೆಯುವ ಕರಿಮರಳಿನಿಂದ ಕೂದಲೆಳೆಯಷ್ಟು ಅಂಚು ಕಟ್ಟಿದಳು. ಬರಿಯ ಬೆಳ್ಳಿ ಕಣ್ಣು ಕೋರೈಸುತ್ತದೆ, ಪಕ್ಕದಲ್ಲಿ ಕಪ್ಪು ಇದ್ದರೆ ಮಾತ್ರ ನಿಲ್ಲುತ್ತದೆ ಎನ್ನುವುದು ಅವಳಿಗೆ ಉಪ್ಪಿನ ರಾಶಿಯಿಂದ ಗೊತ್ತಿತ್ತು. ಆ ವರ್ಷ ಚರ್ಚಿನಲ್ಲಿ ಕಾರ್ಡು ಎತ್ತಿದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಜ್ಞಾನಸುಂದರಿ ಅಮ್ಮನ ಕೈ ವಯಸ್ಸಾದಷ್ಟೂ ಹೊಳೀತಿದೆ!” ಎಂದರು. ಪಾದ್ರಿಯಯ್ಯ ಹೆಸರು ಹೇಳಿ ವಂದಿಸಿದಾಗ ಅತ್ತೆ ಮುಂದಿನ ಸಾಲಿನ ಕುರ್ಚಿಯಿಂದ ಅರ್ಧ ಎದ್ದು ಕೈ ಮುಗಿದರು. ಹಿಂದೆ ಚಾಪೆಯ ಮೇಲೆ ಕೂತಿದ್ದ ಜೆಬಕನಿಯ ಕೆನ್ನೆಯ ಮೇಲೆ ಮಿನುಗು ಪುಡಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿ ಯಾರೂ ಏನೂ ಯೋಚಿಸಲಿಲ್ಲ. ಆಮೇಲೆ ಪ್ರತಿ ವರ್ಷವೂ ಹೀಗೇ ಆಯಿತು.

ಕಾಫಿ ಚೆಲ್ಲಿದ ಆ ಬೆಳಿಗ್ಗೆ ಅವಳು ಮತ್ತೆ ಕೆಲಸಕ್ಕೆ ಕೂತಳು. ಮೂರು ಸಾಲಿನ ಒಂದು ವಾಕ್ಯವಿತ್ತು. ‘ನಾನು ನಿನ್ನ’ ಎಂದು ಒಂದು ಸಾಲು, ‘ಕೈ ಬಿಡುವುದು’ ಎಂದು ಇನ್ನೊಂದು, ಕೆಳಗೆ ನಡುವಿನಲ್ಲಿ ಒಂಟಿಯಾಗಿ ‘ಇಲ್ಲ’. ಮೂರನ್ನೂ ಗೋಂದಿನಲ್ಲಿ ಬರೆದು, ಮೇಲಿನ ಎರಡು ಸಾಲಿಗೆ ಪುಡಿ ಉದುರಿಸಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನಾದಿನಿ ಕಿರುಬೈ ಬಂದು ನಿಂತಳು. ಕೈಯಲ್ಲಿ ಹಬ್ಬದ ತಿಂಡಿ ಅಚ್ಚುಮುರುಕಿನ ಡಬ್ಬಿ. ತಾಯಿಗೆ ಚರ್ಚಿನವರ ವಂದನೆ ಹೇಳಿ ಅತ್ತಿಗೆಯ ಕಡೆ ತಿರುಗಿದಳು.

“ಸ್ತೋತ್ರಮ್ಮಾ! ಏನತ್ತಿಗೆ, ಮುಖ ಎಲ್ಲಾ ದಸರಾ ಗೊಂಬೆ ಆಗಿದೆ?”

“ಏಳೇ, ಮನೆಗೆ ಬಂದೋಳಿಗೆ ಮೊದ್ಲು ಕಾಫಿ ತಾ!” ಅತ್ತೆ ಕೂಗಿದರು. “ಹಡಗಿನೋನ ಹೆಂಡತಿ, ಗಂಡ ಇಲ್ದೆ ಹಬ್ಬ ಮಾಡ್ತಿದ್ದಾಳೆ, ಅವಳ ಸಂಕಟ ನಿನಗೇನು ಗೊತ್ತು?”

“ಒಂದೇ ಒಂದು ನಿಮಿಷ ಅತ್ತೆ, ಇದು ಹಸಿ ಇರುವಾಗ್ಲೇ…”

“ಏಳು ಅಂದ್ರೆ ಏಳು!”

ಜೆಬಕನಿ ಎದ್ದಳು. ಅವಳು ಒಲೆಯ ಮುಂದಿರುವಾಗ ಅತ್ತೆ ಮಗಳಿಗೆ ಕೂರಲು ಜಾಗ ಮಾಡಲೆಂದು ಮಾದರಿ ಕಾರ್ಡುಗಳನ್ನೆಲ್ಲ ಬಾಚಿ ಪೆಟ್ಟಿಗೆಗೆ ತುಂಬಿದರು. ಗಾಳಿ ಬೀಸುತ್ತಿತ್ತು. ಕಿರುಬೈ ತನ್ನ ಗಂಡನ ಸರಕು ಹಡಗು ಕೊಲಂಬೋದಿಂದ ಇನ್ನೂ ಹೊರಟಿಲ್ಲವೆಂದು, ಕಡಲು ಸರಿಯಿಲ್ಲವೆಂದು ಸ್ವಲ್ಪ ಹೊತ್ತು ಅತ್ತು ಹೋದಳು. ಜೆಬಕನಿ ಮತ್ತೆ ಬಂದು ಕೂತಾಗ ಮೂರನೆಯ ಸಾಲಿನ ಗೋಂದು ಒಣಗಿ, ಬಿಳಿ ಕಾಗದದಲ್ಲಿ ಗುರುತೂ ಸಿಗದಂತೆ ಸೇರಿಹೋಗಿತ್ತು. ಎರಡು ಸಾಲು ಮಾತ್ರ ಝಗಝಗಿಸುತ್ತಿದ್ದವು. ಮಾದರಿ ಎದುರಿಗಿಲ್ಲದೆ ಮೂರನೆಯ ಸಾಲು ಅವಳಿಗೆ ಮರೆತೇಹೋಯಿತು, ಎರಡೇ ಸಾಲಿನ ವಾಕ್ಯಗಳೂ ಬೇಕಾದಷ್ಟಿದ್ದವು. ಅವಳು ಸುತ್ತ ಕರಿಮರಳಿನ ಅಂಚು ಕಟ್ಟಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲ್ಲಾಡಿಸಿ, “ಸರಿಯಾಗಿದೆ, ಬುಟ್ಟಿಗೆ ಹಾಕು” ಎಂದರು.

ಹೊಸ ವರ್ಷದ ದಿನ ಪಾದ್ರಿಯಯ್ಯ ಎಂದಿನಂತೆ ಹೆಸರು ಹೇಳಿದರು, ಅತ್ತೆ ಎಂದಿನಂತೆ ಅರ್ಧ ಎದ್ದರು. ಬುಟ್ಟಿ ಹೆಂಗಸರ ಕಡೆಗೆ ಬಂತು. ಕಿರುಬೈ ಕಣ್ಣು ಮುಚ್ಚಿ, ಗಂಡನ ಹೆಸರನ್ನು ಬಾಯಲ್ಲೇ ಹೇಳಿಕೊಂಡು ಒಂದು ಕಾರ್ಡು ಎತ್ತಿದಳು. ಓದಿದಳು. ಇನ್ನೊಮ್ಮೆ ಓದಿದಳು.

“ಅಯ್ಯೋ ಕರ್ತನೇ…!”

ಕೀರ್ತನೆ ನಡುವಿನಲ್ಲೇ ನಿಂತಿತು. ಪಕ್ಕದವಳು ಕಾರ್ಡು ಕಿತ್ತುಕೊಂಡು ಜೋರಾಗಿ ಓದಿದಳು. “ನಾನು ನಿನ್ನ ಕೈ ಬಿಡುವುದು.” ಆ ಕಾರ್ಡಿನಲ್ಲಿ ‘ಇಲ್ಲ’ ಇರಲಿಲ್ಲ.

“ನನ್ನ ಗಂಡ ನೀರಿನ ಮೇಲಿದ್ದಾನಲ್ಲಾ! ಕೈ ಬಿಡ್ತೀನಿ ಅಂತಿದ್ದಾನಲ್ಲಾ ದೇವರು… ಅಮ್ಮಾ, ನೀನೇ ಬರ್ದು ನಿನ್ನ ಮಗಳಿಗೇ ಕೊಟ್ಯಲ್ಲಮ್ಮಾ!” ಕಿರುಬೈ ಎದೆ ಎದೆ ಬಡಿದುಕೊಂಡಳು. ಹೆಂಗಸರು ಅವಳನ್ನು ಹಿಡಿದುಕೊಂಡರು. ಗಂಡಸರ ಕಡೆಯಿಂದ ಯಾರೋ, “ಶಾಪ” ಅಂದರು.

ಪಾದ್ರಿಯಯ್ಯ ಇಳಿದು ಬಂದರು. ಕಾರ್ಡನ್ನು ಜ್ಞಾನಸುಂದರಿ ಅಮ್ಮಾಳ್ ಕೈಗೆ ಕೊಟ್ಟು ಮೆಲ್ಲಗೆ, “ಓದೀಮ್ಮಾ” ಎಂದರು.

ಅತ್ತೆ ಕುರ್ಚಿಯಿಂದ ಪೂರ್ತಿ ಎದ್ದು, ಭಾನುವಾರದ ಶಾಲೆಯ ಅದೇ ಗಟ್ಟಿ ದನಿಯಲ್ಲಿ ಓದಿದರು. “ನಾನು ನಿನ್ನ ಕೈ ಬಿಡುವುದು ಇಲ್ಲ. ಸರಿಯಾಗೇ ಇದೆಯಲ್ಲ! ಯಾಕೆ ಈ ರಂಪ?”

ಕಿರುಬೈ ಅಳುವುದನ್ನೂ ಮರೆತು ತಾಯಿಯ ಮುಖ ನೋಡಿದಳು.

“ಅಮ್ಮಾ… ಅಲ್ಲಿ ‘ಇಲ್ಲ’ ಇಲ್ಲಮ್ಮಾ.”

ಮುದುಕಿಯ ಕೈ ಕಾರ್ಡಿನ ಮೇಲೆ ತಡವರಿಸಿತು. ಒರಟಾದ ಅಕ್ಷರ ಬೆರಳಿಗೆ ಸಿಕ್ಕಿತು, ಅದರ ಕೆಳಗೆ ನುಣುಪಾದ ಕಾಗದ. ಪೊರೆಯ ಕಣ್ಣುಗಳು ಯಾರ ಮುಖವೂ ಸಿಗದೆ ಅತ್ತಿತ್ತ ಓಡಿದವು.

“ಇದು… ಇದು ನಾನು ಬರ್ದಿದ್ದಲ್ಲ! ಅವಳು ಬರ್ದಿದ್ದು! ಆ ಉಪ್ಪಿನೋಳು… ಅಕ್ಷರ ಗೊತ್ತಿಲ್ಲದ ಮುಂಡೇದು! ನನ್ನ ಕೈ ಯಾವತ್ತಾದ್ರೂ ತಪ್ಪಿದ್ದುಂಟಾ? ಕೇಳಿ, ಅವಳನ್ನೇ ಕೇಳಿ!”

ಎಲ್ಲರ ಕತ್ತು ಹಿಂದಕ್ಕೆ ತಿರುಗಿತು. ದೇವಸಗಾಯಂ ಗಂಡಸರ ಸಾಲಿನಲ್ಲಿ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ. ಜೆಬಕನಿ ಎದ್ದು ನಿಂತಳು. ಈ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಅತ್ತೆ ನಾಲ್ಕು ಜನರ ಮುಂದೆ ‘ಅವಳು ಬರೆದದ್ದು’ ಎಂದಿದ್ದರು… ಅದೂ ಇದಕ್ಕೆ!

“ಹೌದು. ನಾನೇ ಬರ್ದಿದ್ದು.”

“ಬೇಕೂಂತ ಮಾಡಿದ್ಯಾ ಅತ್ತಿಗೆ?” ಕಿರುಬೈ ಕಿರುಚಿದಳು.

“ಇಲ್ಲಮ್ಮಾ. ಗೋಂದು ಒಣಗಿತ್ತು. ನನಗೆ ಓದೋಕೆ ಬರಲ್ಲ, ಗೊತ್ತಾಗ್ಲಿಲ್ಲ. ತಪ್ಪು ನನ್ನದೇ.” ಅವಳ ದನಿ ಏರಿತು. “ಆದ್ರೆ ಆ ಒಂದು ಕಾರ್ಡು ನನ್ನದು ಅಂದ್ರೆ, ನಿಮ್ಮೆಲ್ಲರ ಕೈಯಲ್ಲಿರೋದೂ ನನ್ನದೇ. ಹೋದ ವರ್ಷದ್ದೂ ನನ್ನದು. ಅದರ ಹಿಂದಿನದೂ. ತಪ್ಪಾಗಿದ್ದನ್ನ ಮಾತ್ರ ನನಗೆ ಕೊಟ್ಟು, ಸರಿಯಾಗಿದ್ದನ್ನ ಇನ್ನೊಬ್ಬರಿಗೆ ಕೊಡ್ಬೇಡಿ!”

ಚರ್ಚಿನಲ್ಲಿ ಕಾರ್ಡುಗಳು ತಿರುಗುವ ಸಣ್ಣ ಸದ್ದು ಕೇಳಿಸಿತು. ಎಲ್ಲರೂ ತಮ್ಮ ತಮ್ಮ ಕೈಯಲ್ಲಿದ್ದುದನ್ನು ಹೊಸದಾಗಿ ನೋಡುತ್ತಿದ್ದರು. ಮೀನಿನ ಬುಟ್ಟಿ ಹೊರುವ ಮುದುಕಿಯೊಬ್ಬಳು ಕೇಳಿದಳು, “ನಮ್ಮನೆ ಬಾಗಿಲ ಮೇಲಿದೆಯಲ್ಲ, ಸುತ್ತ ಮೀನು ಇರೋದು… ಅದು?”

“ಅದೂ ನನ್ನದೇ ಅಜ್ಜಿ. ಬಲಗಡೆ ಮೀನಿಗೆ ಬಾಲ ಸ್ವಲ್ಪ ಉದ್ದ ಆಯ್ತು.”

“ಅದನ್ನ ನೋಡಿ ದಿನಾ ನಗ್ತೀನಿ ಕಣೇ” ಎಂದಳು ಮುದುಕಿ. ಬೇರೆ ಯಾರೂ ನಗಲಿಲ್ಲ. ಜೆಬಕನಿ ಅತ್ತೆಯ ಹತ್ತಿರ ಹೋಗಿ, ಅವರ ಕೈಯಿಂದ ಕಾರ್ಡು ತೆಗೆದುಕೊಂಡು, ರಟ್ಟೆ ಹಿಡಿದು ಹೊರಗೆ ನಡೆಸಿದಳು. ಮೆಟ್ಟಿಲು ಬಂದಾಗ, “ಮೆಟ್ಟಿಲು” ಎಂದಳು. ಅತ್ತೆ ಕಾಲು ಕೆಳಗಿಟ್ಟರು.

ಮನೆಯಲ್ಲಿ ದೇವಸಗಾಯಂ ಅಂಗಿ ಬಿಚ್ಚುತ್ತ, “ಸುಮ್ನೆ ಇದ್ದಿದ್ರೆ ಆಗ್ತಿತ್ತು” ಎಂದ. “ನೀವು ಸುಮ್ನೇ ಇದ್ರಲ್ಲ, ಒಂದು ಮನೆಗೆ ಒಬ್ರು ಸಾಕು” ಎಂದಳು ಜೆಬಕನಿ. ಅವನು ಅಂಗಿಯನ್ನು ಮತ್ತೆ ಹಾಕಿಕೊಂಡು ಐಸ್ ಕಾರ್ಖಾನೆಗೆ ಹೋದ.

ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಊಟದ ತಟ್ಟೆ ಮುಟ್ಟಲಿಲ್ಲ. ಕೊನೆಗೆ ಗೋಡೆಯನ್ನೇ ಕೇಳಿದರು.

“ಕಾಫಿಗೆ ಎಬ್ಬಿಸಿದ್ದು ನಾನು. ಮಾದರಿ ಎತ್ತಿಟ್ಟಿದ್ದೂ ನಾನೇ. ಯಾಕೆ ಹೇಳ್ಲಿಲ್ಲ ಅಲ್ಲಿ?”

ಜೆಬಕನಿ ಸಾರಿನ ಮೀನಿನಿಂದ ಮುಳ್ಳು ಬಿಡಿಸಿ ಅವರ ಅನ್ನದ ಮೇಲೆ ಇಡುತ್ತಿದ್ದಳು.

“ಹೇಳಿದ್ರೆ ಆ ಕಾರ್ಡಲ್ಲಿ ನಿಮಗೂ ಪಾಲು ಬರ್ತಿತ್ತು ಅತ್ತೆ. ಅದೊಂದಾದ್ರೂ ಪೂರ್ತಿ ನನ್ನದೇ ಇರ್ಲಿ.”

ಮುದುಕಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ… ಆಮೇಲೆ ಕೈ ಚಾಚಿ ತಟ್ಟೆಯನ್ನು ಹುಡುಕಿದರು. ಜೆಬಕನಿ ತಟ್ಟೆಯನ್ನು ಆ ಕೈಯ ಕೆಳಗೆ ಸರಿಸಿದಳು.

“ಉಪ್ಪು ಕಮ್ಮಿ” ಎಂದರು ತಿಂದು.

“ಇರೋದೇ ಅಷ್ಟು. ತಿನ್ನಿ.”

ಕಿರುಬೈಯ ಗಂಡ ಕಡಲು ಶಾಂತವಾದ ಮೇಲೆ ಕೊಲಂಬೋದ ಸೋಪು, ಒಂದು ಹೂವಿನ ಸೀರೆ ಹೊತ್ತು ಸುಖವಾಗಿ ಬಂದಿಳಿದ. ಕಾರ್ಡಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಿರುಬೈ ನಗಲಿಲ್ಲ. ಅಣ್ಣನ ಮನೆ ಮುಂದೆ ಹೋಗುವಾಗಲೂ ಮುಖ ತಿರುಗಿಸಿಕೊಂಡು ಹೋದಳು. ಅತ್ತೆಯನ್ನು ಜೆಬಕನಿಯೇ ಬಸ್ಸಿನಲ್ಲಿ ತಿರುನೆಲ್ವೇಲಿಗೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದಳು. ಪಟ್ಟಿ ಬಿಚ್ಚಿದ ದಿನ ಮುದುಕಿ ಮನೆಗೆ ಬಂದವರೇ ಮಿಕ್ಕಿದ್ದ ಕಾರ್ಡುಗಳನ್ನು ಬಾಗಿಲ ಬೆಳಕಿಗೆ ತಂದು ಒಂದೊಂದಾಗಿ ನೋಡಿದರು. ಇಷ್ಟು ವರ್ಷ ತಮ್ಮ ಹೆಸರಿನಲ್ಲಿ ಊರೆಲ್ಲ ಹೋದುದನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

“ಈ ಅಕ್ಷರದ ಹೊಟ್ಟೆ ವಕ್ರ” ಎಂದರು ಒಂದನ್ನು ತೋರಿಸಿ. ಮತ್ತೊಂದನ್ನು ತೋರಿಸಿ ಅದೂ ವಕ್ರ ಎಂದರು. ಹೀಗೆ ಎಲ್ಲವನ್ನೂ ನೋಡಿ ಮುಗಿಸಿ, “ನನಗೆ ಇಂಥದ್ದು ಮಾಡೋಕೆ ಬರ್ತಿರ್ಲಿಲ್ಲ” ಎಂದು ಎದ್ದುಹೋದರು. ನೀರಿಗೆ ಹೋಗೋಣವೆಂದು ಕರೆಯಲು ಬಂದಿದ್ದ ಪಕ್ಕದ ಮನೆಯವಳಿಗೂ ಅದು ಕೇಳಿಸಿತು. ಕೇಳಿಸಲೆಂದೇ ಹೇಳಿದ್ದರು. ಜೆಬಕನಿ ಕೊಡ ಕಂಕುಳಿಗಿಟ್ಟುಕೊಂಡು, ಬೀದಿಯ ನಡುವಿನಲ್ಲಿ, ತಲೆ ಎತ್ತಿಕೊಂಡು ನಲ್ಲಿಗೆ ನಡೆದಳು.

ಮುಂದಿನ ಹೊಸ ವರ್ಷಕ್ಕೆ ಚರ್ಚಿನವರು ಶಿವಕಾಶಿಯಲ್ಲಿ ಅಚ್ಚಾದ ಕಾರ್ಡು ತರಿಸಿದರು. ಅದರಲ್ಲಿ ತಪ್ಪಿರಲಿಲ್ಲ, ಹೊಳಪೂ ಇರಲಿಲ್ಲ. ಮೀನಿನ ಮುದುಕಿಯೂ ಇನ್ನು ಕೆಲವರೂ ಹಿತ್ತಲ ಬಾಗಿಲಿಗೆ ಬಂದು, “ನಮಗೆ ಮಾತ್ರ ನಿನ್ನ ಕೈಯದ್ದೇ ಒಂದು ಕೊಡೇ” ಎಂದು ಕೇಳಿ ತೆಗೆದುಕೊಂಡು ಹೋದರು. ಅತ್ತೆ ಓದಿ ನೋಡಿ ಕೊಟ್ಟರು. ಆರಾಧನೆಯಲ್ಲಿ ಆ ವರ್ಷ ಯಾರ ಹೆಸರನ್ನೂ ಹೇಳಲಿಲ್ಲ. ಅತ್ತೆ ಹಿಂದೆ ಚಾಪೆಯ ಮೇಲೆ ಸೊಸೆಯ ಪಕ್ಕದಲ್ಲೇ ಕೂತಿದ್ದರು.

ಆ ಮನೆ ಕಳೆದುಕೊಂಡದ್ದು ಮೂರು: ಚರ್ಚಿನ ಕೆಲಸ, ಮುಂದಿನ ಸಾಲಿನ ಒಂದು ಕುರ್ಚಿ, ಕಿರುಬೈ.