ಒಂದು ಮನೆಗೆ ಒಂದೇ ದೇವರು

“ಮಂಗಳಾರತಿಗೆ ಕೈ ಮುಗ್ದು ಓಗ್ಲಾ. ಬಸ್ಸೇನು ನಿನ್ ಬಿಟ್ಟು ಸ್ವರ್ಗಕ್ಕೆ ಓದದಾ?” ಎಂದಳು ಕೆಂಪಾಜಮ್ಮ. ಹನೂರಿನ ಬಸ್ಸಿಗೆ ಹೊರಟಿದ್ದ ಮೊಮ್ಮಗ ಮಾದಸ್ವಾಮಿ ಹೊಸ್ತಿಲಲ್ಲೇ ನಿಂತ. ಅವಳ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು. ಮಧುವನಹಳ್ಳಿಯ ಆ ಮನೆ ಮಲೆಯ ಮಾದಪ್ಪನ ಒಕ್ಕಲು. ಸೋಮವಾರ ಪೂಜೆಯಾಗದೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಅವಳ ಗಂಡನಿದ್ದಾಗ ಆರತಿಗೆ ಪಡಸಾಲೆ ತುಂಬುತ್ತಿತ್ತು. ಈಗ ಮಗ ನಂಜಯ್ಯ ಗದ್ದೆಯ ನೆಪ ಹೇಳುತ್ತಿದ್ದ. ಸೊಸೆ ಸೋಮಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದಳು.

ಮಾದಸ್ವಾಮಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. “ಅವ್ವ ಯಾವ ದೇವ್ರಿಗೂ ಕೈ ಮುಗ್ದದ್ದ ನಾ ಕಾಣೆ ಅಜ್ಜಿ. ನಂಗ್ಯಾರು ಕಲಿಸವ್ರೆ?”

ಅವನು ಹೋದ. ಕರ್ಪೂರ ಆರಿತು. ಕೆಂಪಾಜಮ್ಮ ತಟ್ಟೆ ಹಿಡಿದೇ ಕುಳಿತಳು...

ಸೋಮಮ್ಮ ಯಳಂದೂರು ಕಡೆಯ ದಾಸಯ್ಯನೊಬ್ಬನ ಮಗಳು, ಬಿಳಿಗಿರಿ ರಂಗನ ಒಕ್ಕಲು. ಶ್ರಾವಣದ ಶನಿವಾರ ಅಪ್ಪ ಶಂಖ ಊದಿಕೊಂಡು ಮನೆಮನೆಗೆ ಹೋದರೆ, ಅವನ ಹಿಂದೆ ಗೋವಿಂದ ಕೂಗುತ್ತ ಬೆಳೆದವಳು. ೧೯೫೬ರಲ್ಲಿ ಮದುವೆಯಾಗಿ ಬಂದ ಮೊದಲ ಶ್ರಾವಣದಲ್ಲಿ ದೇವರ ಮೂಲೆಯ ಗೋಡೆಗೆ, ಮಾದಪ್ಪನ ವಿಭೂತಿ ಪಟ್ಟೆಯ ಪಕ್ಕ, ಚಿಕ್ಕದೊಂದು ನಾಮ ಬರೆದಿದ್ದಳು. ಕೆಂಪಾಜಮ್ಮ ಅದರ ಮೇಲೆ ಸೆಗಣಿ ಬಳಿದಿದ್ದಳು. ಭಿಕ್ಷೆ ಎತ್ತುವವರ ದೇವರನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಾಳೆ ಎಂದು ನಂಟರೆದುರು ಹಂಗಿಸಿದ್ದಳು. ಅಷ್ಟಕ್ಕೂ ಬಿಡದೆ, ಕೈಗೆ ವಿಭೂತಿಗಟ್ಟಿ ಕೊಟ್ಟು, ಇನ್ನು ರಂಗನ ಹೆಸರೆತ್ತುವುದಿಲ್ಲವೆಂದು ಮಾದಪ್ಪನ ಮೇಲೆ ಆಣೆ ಮಾಡಿಸಿದ್ದಳು. ಹುಡುಗಿ ಅಳಲಿಲ್ಲ, ಆಣೆಗೆ ತಪ್ಪಲೂ ಇಲ್ಲ. ಆದರೆ ಮಾದಪ್ಪನ ಹೆಸರೂ ಅವಳ ಬಾಯಲ್ಲಿ ಬರಲಿಲ್ಲ. ಅದನ್ನು ಅತ್ತೆ ಮೊದಲು ನಾಚಿಕೆ ಎಂದುಕೊಂಡಳು, ಆಮೇಲೆ ಮೊಂಡುತನ ಎಂದುಕೊಂಡಳು. ಒಳಗೇನೋ ಬತ್ತುತ್ತಿದೆ ಎಂದು ಒಮ್ಮೆಯೂ ಅಂದುಕೊಳ್ಳಲಿಲ್ಲ. ಆ ಮೌನದ ಮಡಿಲಲ್ಲೇ ಮಾದಸ್ವಾಮಿಯೂ ಬೆಳೆದಿದ್ದ...

ಆಣೆ ಮಾಡಿಸಿದವರೇ ಮಾದಪ್ಪನ ಬೆಟ್ಟಕ್ಕೆ ಹೋಗಿ ಅದನ್ನು ಬಿಡಿಸಬೇಕು ಎಂಬುದು ಆ ಮನೆಯ ಕಟ್ಟು. ಮೊಮ್ಮಗನ ಮಾತು ಕೇಳಿದ ಮೇಲೆ ಬಂದ ಅಮಾವಾಸ್ಯೆಗೆ, ಮಂಡಿನೋವಿನ ಮುದುಕಿ, ಯಾರಿಗೂ ಕಾರಣ ಹೇಳದೆ, ಹನೂರಿಗೆ ಹೋಗಿ ಬೆಟ್ಟದ ಬಸ್ಸು ಹತ್ತಿದಳು. ಗುಡಿಯೆದುರು ಅಡ್ಡಬಿದ್ದು, ನಿನ್ನ ಹೆಸರಲ್ಲಿ ನಾನೇ ತಪ್ಪು ಮಾಡಿದೆ ಎಂದು ಒಪ್ಪಿಕೊಂಡಳು.

ಮರುದಿನ ಅವಳು ಮನೆ ಸೇರಿದಾಗ ಸೋಮಮ್ಮ ನಾಟಿ ಮುಗಿಸಿ ಬಂದು ಕೆಸರುಗಾಲು ತೊಳೆಯುತ್ತಿದ್ದಳು.

“ಆಣೆ ಬಿಡಿಸ್ಕಂಡು ಬಂದಿವ್ನಿ ಕನವ್ವ. ನಿನ್ ರಂಗನ್ನೇ ಇಟ್ಕೊ. ಈ ಮನೇಲಿ ನಾ ಸತ್ತ ಮ್ಯಾಲೂ ಯಾರಾರ ಒಬ್ರು ಕೈ ಮುಗೀಲಿ.”

ಸೊಸೆ ಚೊಂಬು ಕೆಳಗಿಟ್ಟಳು.

“ಮೊದಮೊದ್ಲು ನಾ ಒಳಗೊಳಗೇ ರಂಗನ್ನ ಕರೀತಿದ್ದಿ ಅತ್ತೆವ್ವ. ಆಮೇಕೆ ಕರ್ಯದ್ನೇ ಬುಟ್ಬುಟ್ಟಿ. ಈಗ ಕರುದ್ರೂ ಒಳ್ಗೆ ಏನೂ ಅಲ್ಲಾಡಲ್ಲ... ನಿಮ್ ಮ್ಯಾಲೆ ಸಿಟ್ಟಿಲ್ಲ ಕನಿ. ಸುಳ್ಳುಸುಳ್ಳೇ ಕೈ ಮುಗ್ಯಕೆ ಮಾತ್ರ ನನ್ ಕೈಲಾಗಲ್ಲ.”

ಕೆಂಪಾಜಮ್ಮ ಅವಳ ಕೈ ಹಿಡಿದುಕೊಂಡಳು.

ಸೋಮವಾರ ಬಂತು. ಸೋಮಮ್ಮ ಎಂದಿನಂತೆ ಮುದ್ದೆ ಕಟ್ಟಿಟ್ಟು, ಪೂಜೆ ಮುಗಿಯಲೆಂದು ಹಸಿದು ಕೂತಿದ್ದಳು. ಇಷ್ಟು ವರ್ಷ ತನ್ನದಲ್ಲದ ದೇವರಿಗಾಗಿ ಹೀಗೇ ಕಾದವಳನ್ನು ಮುದುಕಿ ಬಾಗಿಲಲ್ಲಿ ನಿಂತು ನೋಡಿದಳು.

“ನೀನು ಉಣ್ಣವ್ವ,” ಎಂದಳು.

ಸೋಮಮ್ಮ ಅನುಮಾನಿಸಿ, ಕೊನೆಗೆ ತಟ್ಟೆ ಎಳೆದುಕೊಂಡಳು. ಕೆಂಪಾಜಮ್ಮ ಒಳಗೆ ಹೋಗಿ ಕರ್ಪೂರ ಹಚ್ಚಿದಳು. ಈ ಸಲ ಯಾರನ್ನೂ ಕರೆಯಲಿಲ್ಲ. ಕೈ ಮುಗಿದು ನಿಂತಳು. ಏನು ಬೇಡಿಕೊಳ್ಳಬೇಕೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ.