ಕಾವಳನ ಬಂಡೆಯ ಮೂರು ಗಾಳಿಗಳು

ಬಲು ಹಿಂದಿನ ಮಾತು. ಕಡಲಂಚಿನಲ್ಲಿ ತೆರೆನಾಡು ಎಂಬೊಂದು ರಾಜ್ಯವಿತ್ತು. ಅಲ್ಲೊಂದು ಗುಡಿಸಲಿನಲ್ಲಿ ಅಕ್ಕು ಎಂಬ ಸೊಸೆ, ಜಟ್ಟಪ್ಪನೆಂಬ ಮಾವ ಬಾಳುತ್ತಿದ್ದರು. ಅಕ್ಕುವಿನ ಗಂಡ ರಾಜನ ಹಡಗೇರಿ ದೂರದ ದ್ವೀಪಕ್ಕೆ ಹೋಗಿದ್ದ. ಗಂಜಿ ಬಡಿಸುವಾಗ ಅವಳು ಅಗುಳೆಲ್ಲ ಮಾವನಿಗೆ ಹಾಕಿ ತಿಳಿ ತಾನಿಟ್ಟುಕೊಳ್ಳುವಳು. ಅವಳು ಅತ್ತ ತಿರುಗಿದೊಡನೆ ಮುದುಕ ಅಗುಳನ್ನು ಅವಳ ಬಟ್ಟಲಿಗೆ ಸುರಿದುಬಿಡುವನು.

ಒಂದು ಮುಂಜಾನೆ ಜಟ್ಟಪ್ಪನದೂ ಸೇರಿ ಏಳು ದೋಣಿಗಳು ಮೀನಿಗೆ ಹೊರಟವು. ಹಿಂದೆಯೇ ಹಾಲಿನಂಥ ಮಂಜು ಬಂದು ಕವಿಯಿತು. ಒಂದು ದಿನವಾಯಿತು, ಎರಡಾಯಿತು, ಮೂರಾಯಿತು. ಮಂಜು ಸರಿಯಲಿಲ್ಲ, ಎಲೆ ಅಲುಗಲಿಲ್ಲ.

"ಇದು ಕಾವಳನೆಂಬ ಮಾಂತ್ರಿಕನ ಕೆಲಸ," ಎಂದರು ರಾಜಗುರು. "ನಮ್ಮ ಗಾಳಿಗಳನ್ನು ಪ್ರಾಣಿಗಳನ್ನಾಗಿ ಮಾಡಿ ಕಡಲೊಳಗಿನ ತನ್ನ ಬಂಡೆಯ ಮೇಲೆ ಕಟ್ಟಿಹಾಕಿದ್ದಾನೆ. ನಾಳೆ ಸೂರ್ಯ ಮುಳುಗುವುದರೊಳಗೆ ಅವು ಬಿಡುಗಡೆಯಾಗದಿದ್ದರೆ, ಮಂಜಿನೊಳಗಿದ್ದವರೂ ಮಂಜಾಗುತ್ತಾರೆ."

ರಾಜನ ಸೈನಿಕರು ಪಂಜು ಹಿಡಿದು ದೋಣಿಗಳಲ್ಲಿ ಹೋದರು. ದಾರಿ ಕಾಣದೆ ಹೊರಟ ದಡಕ್ಕೇ ಬಂದು ಗುದ್ದಿದರು.

"ಕಣ್ಣಿಗೆ ಕಾಣದ್ದು ಕಿವಿಗೆ ಕೇಳೀತು," ಎಂದು ಮರುದಿನ ಬೆಳಗ್ಗೆ ಅಕ್ಕು ಪುಟ್ಟ ದೋಣಿ ಇಳಿಸಿದಳು. ಹುಟ್ಟು ಹಾಕುವಳು, ನಿಲ್ಲುವಳು, ಆಲಿಸುವಳು. ಮತ್ತೆ ಹುಟ್ಟು ಹಾಕುವಳು, ನಿಲ್ಲುವಳು, ಆಲಿಸುವಳು. ಕೊನೆಗೆ ಎಲ್ಲೋ ಮೇಕೆಯೊಂದು ಅರಚಿತು. ಆ ದನಿ ಹಿಡಿದು ಬಂಡೆ ಮುಟ್ಟಿದಳು.

ಆ ಮೇಕೆಯೇ ನೆಲಗಾಳಿ. "ಬಾಯಾರಿದೆ," ಎಂದಿತು. ಅಕ್ಕು ತಂದ ನೀರನ್ನೆಲ್ಲ ಕುಡಿಸಿ ಹಗ್ಗ ಬಿಚ್ಚಿದಳು.

ಎರಡನೆಯದು ಬಿಳಿ ಕುದುರೆ, ಕಡಲಗಾಳಿ. "ಕಾಲು ನೋಯುತ್ತಿದೆ," ಎಂದಿತು. ಚುಚ್ಚಿದ ಚಿಪ್ಪು ಕಿತ್ತು, ಸೆರಗು ಹರಿದು ಕಟ್ಟಿ, ಹಗ್ಗ ಬಿಚ್ಚಿದಳು.

ಮೂರನೆಯದು ಕಪ್ಪು ಕರು. ಇದ್ದಕ್ಕಿದ್ದಂತೆ ದಿಕ್ಕು ಬದಲಿಸುವ ತಿರುಗಾಳಿ ಅದು. ಹತ್ತಿರ ಹೋದರೆ ಒದೆಯಿತು. ಮತ್ತೆ ಹೋದರೆ ಮತ್ತೆ ಒದೆಯಿತು.

"ನಿನಗೇನು ಬೇಕು?"

"ಎಲ್ಲರೂ ನನ್ನನ್ನು ಬೈಯುತ್ತಾರೆ. ನೀನೂ ಬೈದಿದ್ದೀಯ."

ಅಕ್ಕು ಅದರೆದುರು ಕುಕ್ಕರಿಸಿದಳು. "ನಿಜ. ಒಣಹಾಕಿದ ಮೀನನ್ನೆಲ್ಲ ನೀನು ಹಾರಿಸಿದಾಗ ಬೈದಿದ್ದೆ. ಆದರೆ ಈ ನಾಲ್ಕು ದಿನ ನೀನಿಲ್ಲದೆ ಅಂಗಳ ಬಿಕೋ ಅನ್ನುತ್ತಿದೆ, ಮಗಾ."

ಕರು ಮೆಲ್ಲನೆ ಬಂದು ಅವಳ ಮಡಿಲಲ್ಲಿ ಮೂತಿಯಿಟ್ಟಿತು. ಅಕ್ಕು ಹಗ್ಗ ಬಿಚ್ಚಿದಳು.

ಅಷ್ಟರಲ್ಲಿ ಕಾವಳ ಗುಹೆಯಂಥ ಬಾಯಿ ತೆರೆದು, ಮಂಜು ಕಾರುತ್ತ ಬಂದ. ಮೇಕೆ ನೆಲದ ಕಡೆಯಿಂದ ನುಗ್ಗಿತು. ಅವನು ಬೆನ್ನು ಕೊಟ್ಟು ನಿಂತ. ಕುದುರೆ ಕಡಲ ಕಡೆಯಿಂದ ನುಗ್ಗಿತು. ಆಗಲೂ ಬೆನ್ನು ಕೊಟ್ಟ. "ಗಾಳಿ ಎತ್ತಣದೆಂದು ನನಗೆ ಗೊತ್ತಿಲ್ಲವೇ!" ಎಂದು ಬಾಯಗಲಿಸಿ ನಕ್ಕ. ಆಗ ಕರು ಅವನ ಹಿಂದಿನಿಂದ ಓಡಿಬಂದು, ಅವನನ್ನು ದಾಟಿ, ಗಕ್ಕನೆ ಅವನ ಬಾಯಿಯತ್ತ ತಿರುಗಿತು. ಕಾರಿದ ಮಂಜೆಲ್ಲ ಅವನ ಗಂಟಲಿಗೇ ಮರಳಿ ನುಗ್ಗಿತು. ಕಾವಳ ಉಬ್ಬಿದ, ಉಬ್ಬಿದ, ಒಡೆದು ಇಬ್ಬನಿಯಾಗಿ ಉದುರಿದ.

ಬಿಸಿಲು ಬಿತ್ತು. ನೋಡಿದರೆ ಏಳೂ ದೋಣಿಗಳು ದಡದ ಕೂಗಳತೆಯಲ್ಲೇ ಗಿರಕಿ ಹೊಡೆಯುತ್ತಿದ್ದವು! ಅಕ್ಕು ದೋಣಿ ಹತ್ತಿ ಅತ್ತ ಬಂದಳು. ಜಟ್ಟಪ್ಪ ಸೊಸೆಯನ್ನು ಕಂಡು ಎದ್ದುನಿಂತ. "ಒಬ್ಬಳೇ ಯಾಕೆ ಬಂದೆ ಹೆಣ್ಣೇ, ಬುದ್ಧಿ ಬೇಡವಾ?" ಎಂದು ಗದರಲು ಹೋಗಿ ಗಳಗಳನೆ ಅತ್ತುಬಿಟ್ಟ.

"ಮಿಕ್ಕಿದ್ದನ್ನು ಮನೆಗೆ ಹೋಗಿ ಗದರುವಿರಂತೆ, ಮಾವ," ಎಂದು ಅಕ್ಕು ಅವನ ದೋಣಿಯನ್ನು ತನ್ನ ದೋಣಿಗೆ ಬಿಗಿದಳು.

ರಾಜ ಅವಳನ್ನು ಬಂದರಿನ ಒಡತಿಯಾಗಿ ಮಾಡಿದ. ಕಡಲಗಾಳಿ ಅವಳ ಗಂಡನ ಹಡಗನ್ನು ತಳ್ಳಿ ತಂದು ದಡ ಮುಟ್ಟಿಸಿತು. ಮೂವರೂ ಒಂದೇ ಒಲೆಯ ಸುತ್ತ ಕೂತು, ಉಂಡು, ನಕ್ಕು, ನೂರು ಕಾಲ ಬಾಳಿದರು.